‘ಬಾಯಿಲ್’ ಅಂದರೆ ಕಾಯಿಸುವುದಾ, ಕುದಿಸುವುದಾ, ಬೇಯಿಸುವುದಾ?

ಒಗ್ಗರಣೆ ಡಬ್ಬಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಮಹಿಳಾ ಸಂಘದವರು ಮಕ್ಕಳ ಊಟದ ಬಗ್ಗೆ ಒಂದು ಚಿಕ್ಕ ಪುಸ್ತಿಕೆ ತರುತ್ತಿದ್ದಾರೆ. ಮೂಲ ಇಂಗ್ಲಿಷಿನಲ್ಲಿದೆ. ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಖುಷಿಯಿಂದಲೇ ಒಪ್ಪಿಕೊಂಡೆ.

‘ಬಾಯಿಲ್’ ಎಂಬ ಪದ ಪುಟಕ್ಕೆ ಮೂರು ಸಲ ಬರುತ್ತೆ. ಶಾಲೆಯಲ್ಲಿ ಕಲಿತ ಹಾಗೆ ಎಲ್ಲ ಕಡೆ ‘ಕುದಿಸಿ’ ಎಂದು ಬರೆದುಬಿಟ್ಟೆ. ನೀರು ಕುದಿಸಿ, ಹಾಲು ಕುದಿಸಿ, ಮೊಟ್ಟೆ ಕುದಿಸಿ, ಆಲೂಗಡ್ಡೆ ಕುದಿಸಿ. ಆಮೇಲೆ ಅತ್ತೆಗೆ ಓದಲು ಕೊಟ್ಟೆ. ಎರಡನೇ ಪುಟದಲ್ಲೇ ಅವರು ನಿಂತುಬಿಟ್ಟರು. ‘ಮೊಟ್ಟೆ ಯಾಕಮ್ಮ ಕುದಿಯುತ್ತೆ? ಕುದಿಯೋದು ನೀರು. ಮೊಟ್ಟೆ ಬೇಯುತ್ತೆ’ ಅಂದರು.

ಅವರು ಹೇಳಿದ್ದು ಸರಿ ಅನಿಸಿತು. ಆಮೇಲೆ ಕೂತು ಯೋಚಿಸಿದೆ. ಮನೆಯಲ್ಲಿ ನಾವು ‘ಹಾಲು ಕಾಯಿಸು’ ಅನ್ನುತ್ತೇವೆ, ‘ಹಾಲು ಕುದಿಸು’ ಅನ್ನುವುದು ಕಡಿಮೆ. ಸ್ನಾನಕ್ಕೆ ನೀರು ಕಾಯಿಸುತ್ತೇವೆ. ಸಾರು ಕುದಿಸುತ್ತೇವೆ. ಬೇಳೆ ಬೇಯಿಸುತ್ತೇವೆ. ಇಂಗ್ಲಿಷಿನಲ್ಲಿ ಸ್ನಾನದ ನೀರು ಬಿಟ್ಟರೆ ಉಳಿದದ್ದೆಲ್ಲ ಬಾಯಿಲ್. ಒಂದೇ ಪದ ನಮ್ಮಲ್ಲಿ ಮೂರು ಕಡೆ ಒಡೆದುಹೋಗುತ್ತೆ. ಎಲ್ಲಿ ಯಾವುದನ್ನು ಬಳಸಬೇಕು ಅನ್ನುವುದಕ್ಕೆ ನಿಮ್ಮ ಮನೆಯ ಮಾತು ಏನು ಹೇಳುತ್ತೆ? ದಯವಿಟ್ಟು ಬರೆಯಿರಿ. ಓದುವವರು ಅಂಗನವಾಡಿಗೆ ಮಕ್ಕಳನ್ನು ಕಳಿಸುವ ತಾಯಂದಿರು. ಓದಿದ ತಕ್ಷಣ ಒಲೆ ಮುಂದೆ ನಿಂತು ಮಾಡುವ ಹಾಗಿರಬೇಕು.

ಕಾಫಿ ಹದ, ಹಾಸನ

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಅವರು ಒಂದೇ ಮಾತಿನಲ್ಲಿ ವ್ಯಾಕರಣ ಹೇಳಿದ್ದಾರೆ.

ನನಗೆ ತೋಚುವುದು ಇಷ್ಟು. ‘ಕುದಿ’ ಅನ್ನುವುದು ನೀರಿನಂಥ ಪದಾರ್ಥ ಗುಳ್ಳೆ ಎದ್ದು ಕುಣಿಯುವುದು. ‘ಬೇ’ ಅನ್ನುವುದು ಗಟ್ಟಿ ಪದಾರ್ಥ ಒಳಗೆ ಮೆತ್ತಗಾಗುವುದು, ಅಥವಾ ಹಸಿತನ ಹೋಗುವುದು. ‘ಕಾಯು’ ಅನ್ನುವುದು ಬರೀ ಬಿಸಿಯೇರುವುದು. ಅದಕ್ಕೇ ಹಂಚು ಕಾಯುತ್ತೆ, ಎಣ್ಣೆ ಕಾಯುತ್ತೆ, ಬೆಂಕಿ ಮುಂದೆ ಕೂತು ನಾವು ಚಳಿ ಕಾಯಿಸುತ್ತೇವೆ. ‘ಎಣ್ಣೆ ಕುದಿಸಿ, ಆಮೇಲೆ ಬೋಂಡ ಬಿಡಿ’ ಎಂದು ಯಾರೂ ಹೇಳುವುದಿಲ್ಲ. ಹೇಳಿದರೂ ತಪ್ಪು, ಬಾಣಲೆಯಲ್ಲಿ ಎಣ್ಣೆ ಕುದಿಯುವುದೇ ಇಲ್ಲ. ಬೋಂಡದ ಸುತ್ತ ಏಳುವ ಗುಳ್ಳೆ ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಗೆ ಬರುವುದರಿಂದ.

ಇನ್ನೊಂದು ಇದೆ, ‘ಉಕ್ಕು’. ಗೃಹಪ್ರವೇಶದ ದಿನ ಹಾಲು ಉಕ್ಕಿಸುತ್ತೇವಲ್ಲ, ಅದು. ಇಂಗ್ಲಿಷಿನವರಿಗೆ ಇದು ಬಾಯಿಲ್ ಓವರ್, ಅಂದರೆ ಅಡುಗೆಯಲ್ಲಿ ಆದ ಎಡವಟ್ಟು. ನಮಗೆ ಅದೇ ಹೊಸ ಮನೆಯ ಮೊದಲ ಶುಭ.

ಧಾರವಾಡದ ಹುಡುಗ

ಅಕ್ಕಾರ, ಒಂದು ಮಾತು. ನಮ್ಮ ಕಡೆ ‘ಬ್ಯಾಳಿ ಕುದಸು’ ಅಂತಲೇ ಹೇಳುತ್ತಾರೆ. ನಮ್ಮವ್ವ ಹೋಳಿಗೆಗೆ ಕಡಲೆಬೇಳೆ ಕುದಿಸಿ, ಕಟ್ಟು ಬಸಿದು, ಅದರಲ್ಲಿ ಕಟ್ಟಿನ ಸಾರು ಮಾಡುತ್ತಾಳೆ. ಕುದಿಸಿದ ತತ್ತಿ, ಕುದಿಸಿದ ಆಲೂಗಡ್ಡಿ ಎಲ್ಲ ನಮ್ಮಲ್ಲಿ ಸಹಜ ಮಾತು. ನೀರು, ಹಾಲು ಮಾತ್ರ ‘ಕಾಸು’.

ಹಾಗಾಗಿ ‘ಮೊಟ್ಟೆ ಕುದಿಸಿ’ ಅನ್ನುವುದು ಇಂಗ್ಲಿಷಿನ ನೆರಳು ಎಂದು ದಯವಿಟ್ಟು ತೀರ್ಮಾನ ಮಾಡಬೇಡಿ. ಮೈಸೂರಿಗೆ ಅದು ಒಗ್ಗದೆ ಇರಬಹುದು. ನಮ್ಮ ಅಡುಗೆಮನೆಗೆ ಅದು ಇಂಗ್ಲಿಷ್ ಬರುವ ಮುಂಚಿನ ಮಾತು.

ಒಗ್ಗರಣೆ ಡಬ್ಬಿ, ಮೈಸೂರು

ತಮ್ಮಾ, ಒಳ್ಳೆಯದಾಯಿತು ಹೇಳಿದ್ದು. ನಾನು ನನ್ನ ಊರಿನ ಕಿವಿಯಲ್ಲೇ ಕೇಳಿಸಿಕೊಳ್ಳುತ್ತಿದ್ದೆ. ನಿಮ್ಮ ‘ಕಟ್ಟಿನ ಸಾರು’ ನಮ್ಮ ‘ಬಸ್ಸಾರಿ’ಗೆ ಹತ್ತಿರದ ನೆಂಟ. ಬೇಯಿಸಿದ ನೀರನ್ನು ಚೆಲ್ಲದೆ ಸಾರು ಮಾಡುವ ಬುದ್ಧಿ ಎರಡೂ ಕಡೆ ಒಂದೇ. ಈಗ ನನಗೆ ಇನ್ನೂ ಕಷ್ಟ. ಪುಸ್ತಿಕೆಯನ್ನು ಬಾಗಲಕೋಟೆ ಕಡೆಯ ಒಂದು ಸಂಘದವರೂ ಕೇಳಿದ್ದಾರೆ.

ನಿವೃತ್ತ ಹವಾಲ್ದಾರ್, ಮಡಿಕೇರಿ

ನಾನು ಭಾಷೆ ಓದಿದವನಲ್ಲ. ಆದರೆ ಈ ಎರಡು ಪದ ಬೇರೆ ಬೇರೆ ಅನ್ನುವುದನ್ನು ಲೇಹ್‌ನಲ್ಲಿ ಕಣ್ಣಾರೆ ಕಂಡೆ.

ಲೇಹ್ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಮೊದಲ ವಾರ ಲಂಗರ್‌ನಲ್ಲಿ, ಅಂದರೆ ನಮ್ಮ ಪಲ್ಟನ್ನಿನ ಅಡುಗೆಮನೆಯಲ್ಲಿ, ಸಹಾಯಕ್ಕೆ ಹಾಕಿದ್ದರು. ತೆರೆದ ಪಾತ್ರೆಯಲ್ಲಿ ರಾಜ್ಮಾ ಇಟ್ಟೆವು. ನೀರು ಬೇಗನೆ ಕುದಿಯಿತು. ಕೊತಕೊತ ಕುದಿಯುತ್ತಲೇ ಇತ್ತು. ಎರಡು ಗಂಟೆ ಆಯಿತು, ಮೂರು ಆಯಿತು. ಕಾಳು ಹಿಸುಕಿದರೆ ಕಲ್ಲು. ನಾನು ಮನೆಗೆ ಬರೆದ ಕಾಗದದಲ್ಲಿ ಹೀಗೆ ಬರೆದಿದ್ದೆ: ‘ಇಲ್ಲಿ ಎಲ್ಲ ಕುದಿಯುತ್ತೆ, ಏನೂ ಬೇಯುವುದಿಲ್ಲ.’

ಆಮೇಲೆ ದೊಡ್ಡ ಕುಕ್ಕರ್‌ಗೆ ಹಾಕಿದ ಮೇಲೆ ಊಟ ಆಯಿತು. ಈಗ ಈ ವಾಕ್ಯವನ್ನು ‘ಬಾಯಿಲ್’ ಒಂದೇ ಪದ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಹೇಳಿ ನೋಡೋಣ.

ವಿಜ್ಞಾನದ ಮೇಷ್ಟ್ರು, ತುಮಕೂರು

ಹವಾಲ್ದಾರ್ ಸಾಹೇಬರೇ, ನಿಮ್ಮ ಆ ಒಂದು ವಾಕ್ಯವನ್ನು ನಾಳೆ ನನ್ನ ಒಂಬತ್ತನೇ ತರಗತಿಯಲ್ಲಿ ಹೇಳುತ್ತೇನೆ.

ಕಾರಣ ಇದು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಸುಮಾರು 300 ಮೀಟರ್ ಏರಿದರೆ ಒಂದು ಡಿಗ್ರಿ ಇಳಿಯುತ್ತೆ ಎಂದು ಲೆಕ್ಕ ಇಟ್ಟುಕೊಳ್ಳಬಹುದು. ಬೆಂಗಳೂರು ಸುಮಾರು 920 ಮೀಟರ್, ಅಲ್ಲಿ 97 ಡಿಗ್ರಿ. ಮಡಿಕೇರಿಯಲ್ಲಿ 96ರ ಆಸುಪಾಸು. ಲೇಹ್‌ನಲ್ಲಿ 88ರ ಹತ್ತಿರ. ಕುದಿಯಲು ಶುರುವಾದ ಮೇಲೆ ಎಷ್ಟು ಉರಿ ಹಾಕಿದರೂ ನೀರಿನ ಬಿಸಿ ಅಲ್ಲಿಂದ ಮೇಲೆ ಹೋಗುವುದಿಲ್ಲ. ಹೆಚ್ಚಿನ ಉರಿಯೆಲ್ಲ ಆವಿಯಾಗಿ ಹೋಗುತ್ತೆ. ಕುಕ್ಕರ್ ಒಳಗೆ ಆವಿಯನ್ನು ಕಟ್ಟಿ ಹಾಕುತ್ತೇವೆ, ಒತ್ತಡ ಹೆಚ್ಚುತ್ತೆ, 120 ಡಿಗ್ರಿಯವರೆಗೂ ಹೋಗುತ್ತೆ. ಅದಕ್ಕೇ ಮೂರು ಕೂಗಿಗೆ ಬೇಳೆ ಬೇಯುತ್ತೆ.

ಅಂದರೆ ಕುದಿಯುವುದಕ್ಕೆ ಬೇಕಾದದ್ದು ಒತ್ತಡಕ್ಕೆ ತಕ್ಕ ಬಿಸಿ. ಬೇಯುವುದಕ್ಕೆ ಬೇಕಾದದ್ದು ಆ ಪದಾರ್ಥಕ್ಕೆ ತಕ್ಕ ಬಿಸಿ ಮತ್ತು ಹೊತ್ತು. ಮೊಟ್ಟೆಯನ್ನೇ ನೋಡಿ. ಬಿಳಿ ಭಾಗ ಸುಮಾರು 62 ಡಿಗ್ರಿಯಿಂದ ಗಟ್ಟಿಯಾಗಲು ಶುರುವಾಗುತ್ತೆ, ಹಳದಿ 65ರಿಂದ 70ರ ನಡುವೆ. ನೀರು ಕುದಿಯದೆಯೂ ಮೊಟ್ಟೆ ಬೇಯಬಹುದು. ನೀರು ಕುದಿಯುತ್ತಿದ್ದರೂ ರಾಜ್ಮಾ ಬೇಯದೆ ಇರಬಹುದು. ಕನ್ನಡ ಎರಡಕ್ಕೂ ಎರಡು ಕ್ರಿಯಾಪದ ಇಟ್ಟುಕೊಂಡಿದೆ ಅಂದರೆ, ಒಲೆ ಮುಂದೆ ನಿಂತವರು ಇದನ್ನು ಯಾವತ್ತೋ ಗಮನಿಸಿದ್ದರು.

ಬೋರ್‌ವೆಲ್ ನೀರು, ಕೋಲಾರ

ಮೇಷ್ಟ್ರೇ, ಬೇಳೆ ಬೇಯದೆ ಇರಲು ಲೇಹ್‌ಗೇ ಹೋಗಬೇಕಿಲ್ಲ. ನಮ್ಮೂರಿಗೆ ಬನ್ನಿ. ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಹಾಗೇ ನಿಂತಿರುತ್ತೆ. ಗಡಸು ನೀರಿನ ಸುಣ್ಣದಂಶ ಕಾಳಿನ ಗೋಡೆಯನ್ನು ಗಟ್ಟಿ ಮಾಡುತ್ತೆ. ಚಿಟಿಕೆ ಸೋಡ ಹಾಕುತ್ತೇವೆ, ಇಲ್ಲ ಅಂದರೆ ಮಳೆ ನೀರು ಹಿಡಿದಿಟ್ಟುಕೊಂಡು ಬೇಳೆಗೆ ಮಾತ್ರ ಬಳಸುತ್ತೇವೆ. ಹುಣಸೆಹುಳಿ ಮೊದಲೇ ಹಾಕಿದರೂ ಇದೇ ಕಥೆ. ಅದಕ್ಕೇ ಬೇಳೆ ಬೆಂದ ಮೇಲೆ ಹುಳಿ ಹಿಂಡಬೇಕು ಎಂದು ದೊಡ್ಡವರು ಹೇಳುವುದು.

‘ನಿನ್ನ ಬೇಳೆ ಇಲ್ಲಿ ಬೇಯಲ್ಲ’ ಅನ್ನುವ ಮಾತು ನಮ್ಮಂಥ ಊರಿನಲ್ಲೇ ಹುಟ್ಟಿರಬೇಕು ಅನಿಸುತ್ತೆ ನನಗೆ. ‘ನಿನ್ನ ಬೇಳೆ ಕುದಿಯಲ್ಲ’ ಎಂದು ಹೇಳಿ ನೋಡಿ, ಮಾತಿಗೆ ಶಕ್ತಿಯೇ ಇಲ್ಲ.

ದೂರದೂರಿನ ಸೊಸೆ, ಅಮೆರಿಕ

ನಾನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಆದರೆ ಇದು ಪುಸ್ತಿಕೆಗೆ ನಿಜವಾಗಿ ಬೇಕಾದ ವಿಷಯ.

ಎರಡು ವರ್ಷದ ಹಿಂದೆ ಅತ್ತೆ ನಮ್ಮ ಮನೆಗೆ ಬಂದಿದ್ದರು. ಅದೇ ವಾರ ನಮ್ಮ ಊರಿನಲ್ಲಿ ನೀರಿನ ಮುಖ್ಯ ಕೊಳವೆ ಒಡೆದು, ನಲ್ಲಿ ನೀರನ್ನು ಬಾಯಿಲ್ ಮಾಡಿಯೇ ಕುಡಿಯಬೇಕು ಎಂಬ ಸೂಚನೆ ಬಂತು. ನಾನು ಆಫೀಸಿನಿಂದ ಫೋನ್ ಮಾಡಿ, ‘ಅತ್ತೆ, ನೀರು ಕಾಯಿಸಿ ಕುಡೀರಿ’ ಅಂದೆ. ಅವರು ನಾನು ಹೇಳಿದ ಹಾಗೇ ಮಾಡಿದರು. ಚೆನ್ನಾಗಿ ಬಿಸಿ ಮಾಡಿ, ಇಳಿಸಿ, ಆರಿಸಿ ಕುಡಿದರು. ಕುದಿ ಬರುವ ತನಕ ಇಟ್ಟಿರಲಿಲ್ಲ. ರಾತ್ರಿ ನನಗೆ ಗೊತ್ತಾದಾಗ ಎದೆ ಧಸಕ್ ಅಂತು. ಅವರಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ತಪ್ಪು ಅವರದ್ದಲ್ಲ. ನನ್ನ ಪದದ್ದು.

ಇಲ್ಲಿನ ಸೂಚನೆಯಲ್ಲಿ ಸ್ಪಷ್ಟವಾಗಿ ಇರುತ್ತೆ: ಗುಳ್ಳೆಗಳು ಬಿಡದೆ ಉರುಳುವ ಹಾಗೆ ಒಂದು ನಿಮಿಷ ಪೂರ್ತಿ ಕುದಿಯಬೇಕು. 6,500 ಅಡಿಗಿಂತ ಎತ್ತರದ ಊರಾದರೆ ಮೂರು ನಿಮಿಷ. ಆದ್ದರಿಂದ ಕುಡಿಯುವ ನೀರಿನ ವಿಷಯ ಬಂದ ಕಡೆ ದಯವಿಟ್ಟು ‘ಕಾಯಿಸಿ’ ಎಂದು ಬಿಡಬೇಡಿ. ‘ಕುದಿಸಿ’ ಎಂದೇ ಬರೆಯಿರಿ.

ಒಗ್ಗರಣೆ ಡಬ್ಬಿ, ಮೈಸೂರು

ನೀವು ಬರೆದದ್ದು ತುಂಬಾ ಉಪಕಾರವಾಯಿತು. ನಮ್ಮ ಊರಿನಲ್ಲಿ ‘ಕಾಯಿಸಿ ಆರಿಸಿದ ನೀರು’ ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಡಾಕ್ಟರ್ ಕೂಡ ಹಾಗೇ ಹೇಳುತ್ತಾರೆ, ಕೇಳಿದವರಿಗೂ ಅರ್ಥವಾಗುತ್ತೆ ಎಂದುಕೊಂಡಿದ್ದೆ. ಈಗ ನೋಡಿದರೆ ‘ಕಾಯಿಸು’ ಎಲ್ಲಿಗೆ ನಿಲ್ಲಬೇಕು ಅನ್ನುವುದನ್ನು ಆ ಪದ ಹೇಳುವುದೇ ಇಲ್ಲ. ಹಾಲು ಕಾಯಿಸು ಅಂದರೆ ಉಕ್ಕಿ ಬರುವ ತನಕ. ಸ್ನಾನದ ನೀರು ಕಾಯಿಸು ಅಂದರೆ ಮೈಗೆ ಹಿತವಾಗುವ ತನಕ. ಎಣ್ಣೆ ಕಾಯಿಸು ಅಂದರೆ ಹಿಟ್ಟಿನ ಚೂರು ಹಾಕಿದರೆ ತಟ್ಟನೆ ಮೇಲೇಳುವ ತನಕ. ಯಾವುದು ಎಂದು ಮನೆಯವರಿಗೆ ಗೊತ್ತಿರುತ್ತೆ, ಅದಕ್ಕೇ ನಡೆಯುತ್ತೆ. ಪುಸ್ತಿಕೆ ಓದುವ ಹೊಸಬರಿಗೆ ಗೊತ್ತಿರಬೇಕು ಅಂತಿಲ್ಲ.

ಪದ ಹುಡುಕುವವನು, ಶಿವಮೊಗ್ಗ

ನನಗೆ ಪದಗಳ ಬೇರು ಕೆದಕುವ ಹುಚ್ಚು. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಇಂಗ್ಲಿಷಿನ ‘ಬಾಯಿಲ್’ ಹಳೆಯ ಫ್ರೆಂಚಿನಿಂದ ಬಂದದ್ದು. ಅದರ ಹಿಂದೆ ಲ್ಯಾಟಿನ್ನಿನ ‘ಬುಲ್ಲಾ’ ಇದೆ, ಅಂದರೆ ಗುಳ್ಳೆ. ಹಾಗಾಗಿ ಆ ಪದ ಹುಟ್ಟಿದ್ದು ಅತ್ತೆಯವರು ಹೇಳಿದ ಅರ್ಥದಲ್ಲೇ, ನೀರಿನ ಗುಳ್ಳೆಯಲ್ಲಿ. ಆಮೇಲೆ ನೀರಿನೊಳಗೆ ಹಾಕಿದ ಪದಾರ್ಥಕ್ಕೂ ಹರಡಿತು. ಪಾತ್ರೆಗೂ ಹರಡಿತು, ಅವರು ‘ಕೆಟಲ್ ಕುದಿಯುತ್ತಿದೆ’ ಅನ್ನುತ್ತಾರೆ. ನಾವು ಪಾತ್ರೆಯ ಹೆಸರು ಹೇಳುವುದಿಲ್ಲ, ‘ಎಸರು ಮರಳುತ್ತಿದೆ’ ಅನ್ನುತ್ತೇವೆ. ಎಸರು ಅನ್ನುವ ಪದ ನೋಡಿ, ಅನ್ನಕ್ಕೆ ಎಂದು ಒಲೆಗೆ ಇಟ್ಟ ನೀರಿಗೆ ಬೇರೆಯೇ ಹೆಸರು. ಕುಕ್ಕರ್ ಬಂದ ಮೇಲೆ ಅಕ್ಕಿ ನೀರು ಒಟ್ಟಿಗೇ ಹಾಕುತ್ತೇವೆ, ಎಸರಿಡುವ ಕೆಲಸವೇ ಇಲ್ಲ. ಪದವೂ ಮೆಲ್ಲಗೆ ಮರೆಯಾಗುತ್ತಿದೆ. ನನಗೆ ಅದು ಬೇಸರ.

ಫ್ರೆಂಚ್ ಪದ ಬರುವ ಮೊದಲು ಇಂಗ್ಲಿಷಿನಲ್ಲಿ ಕುದಿಸುವುದಕ್ಕೆ ‘ಸೀದ್’ ಎಂಬ ಸ್ವಂತ ಪದ ಇತ್ತು. 1611ರ ಬೈಬಲ್ ಅನುವಾದದಲ್ಲೂ ಅಡುಗೆಯ ಅರ್ಥದಲ್ಲೇ ಬರುತ್ತೆ. ಈಗ ಅದು ಒಲೆ ಬಿಟ್ಟು ಮನಸ್ಸಿಗೆ ಹೋಗಿದೆ, ಹೆಚ್ಚಾಗಿ ಒಳಗೊಳಗೇ ಕೋಪದಿಂದ ಕುದಿಯುವುದಕ್ಕೆ ಬಳಸುತ್ತಾರೆ. ನಮ್ಮ ‘ಕುದಿ’ ಎರಡೂ ಮನೆಯಲ್ಲಿ ಇದೆ. ಸಾರೂ ಕುದಿಯುತ್ತೆ, ಹೊಟ್ಟೆಯೂ ಕುದಿಯುತ್ತೆ.

‘ಬೇ’ ಅಂತೂ ಇನ್ನೂ ಅಗಲ. ಹಬೆಯಲ್ಲಿ ಇಡ್ಲಿ ಬೇಯುತ್ತೆ, ಹಂಚಿನ ಮೇಲೆ ರೊಟ್ಟಿ ಬೇಯುತ್ತೆ, ಕೆಂಡದಲ್ಲಿ ಗೆಣಸು ಬೇಯುತ್ತೆ. ‘ಬೆಂದ ಮನೆಯಲ್ಲಿ ಗಳ ಹಿರಿದ ಹಾಗೆ’ ಅನ್ನುವಾಗ ಅದು ಸುಟ್ಟ ಮನೆ. ತಮಿಳು, ಮಲಯಾಳಂ, ತುಳುವಿನಲ್ಲೂ ಇದೇ ಬೇರು. ಅಂದಹಾಗೆ ಮೈ ಮೇಲೆ ಏಳುವ ಕುರುವಿಗೂ ಇಂಗ್ಲಿಷಿನಲ್ಲಿ ಬಾಯಿಲ್ ಅನ್ನುತ್ತಾರಲ್ಲ, ಅದಕ್ಕೂ ಅಡುಗೆಯ ಪದಕ್ಕೂ ಸಂಬಂಧ ಇಲ್ಲ. ಅದು ಬೇರೆ ಹಳೆಯ ಪದ, ಉಚ್ಚಾರಣೆ ಮಾತ್ರ ಒಂದಾಗಿದೆ.

ಕಾಫಿ ಹದ, ಹಾಸನ

ಹಾಗಾದರೆ ಬೆಂದಕಾಳೂರು? ವೀರಬಲ್ಲಾಳನಿಗೆ ಅಜ್ಜಿ ಬೇಯಿಸಿದ ಕಾಳು ಕೊಟ್ಟ ಕಥೆ?

ಪದ ಹುಡುಕುವವನು, ಶಿವಮೊಗ್ಗ

ಕಥೆ ಚೆನ್ನಾಗಿದೆ. ಆದರೆ ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ದೇವಸ್ಥಾನದಲ್ಲಿರುವ ಸುಮಾರು 890ರ ವೀರಗಲ್ಲಿನಲ್ಲೇ ‘ಬೆಂಗಳೂರು’ ಎಂಬ ಹೆಸರು ಇದೆ. ಅಜ್ಜಿ ಕಾಳು ಬೇಯಿಸುವ ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು. ಆದರೂ ಒಂದು ವಿಷಯ ಗಮನಿಸಿ, ಕಥೆ ಕಟ್ಟಿದವರು ಕೂಡ ‘ಕುದಿದ ಕಾಳು’ ಅನ್ನಲಿಲ್ಲ.

ಕಡಲ ಕಡೆಯವಳು, ಉಡುಪಿ

ನಮ್ಮ ಕಡೆಯ ಅಕ್ಕಿ ಬಿಟ್ಟು ಈ ಚರ್ಚೆ ಮುಗಿಯಬಾರದು. ಅಂಗಡಿಯ ಚೀಲದ ಮೇಲೆ ‘ಬಾಯಿಲ್ಡ್ ರೈಸ್’ ಎಂದು ಇರುತ್ತೆ. ಘಟ್ಟದ ಮೇಲಿನ ಗೆಳತಿಯೊಬ್ಬಳು ಅದನ್ನು ನೋಡಿ, ‘ಅನ್ನ ಮಾಡಿ ಮಾರುತ್ತಾರಾ?’ ಎಂದು ಕೇಳಿದ್ದಳು. ಅದು ನಮ್ಮ ಕುಚ್ಚಲಕ್ಕಿ. ‘ಕುಚ್ಚು’ ಅಂದರೂ ಬೇಯಿಸುವುದೇ. ಭತ್ತವನ್ನು ನೆನೆಸಿ, ಹೊಟ್ಟಿನ ಸಮೇತ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುತ್ತಾರೆ. ಹೀಗೆ ಮಾಡುವಾಗ ತೌಡಿನಲ್ಲಿರುವ ಬಿ ವಿಟಮಿನ್ ಸ್ವಲ್ಪ ಕಾಳಿನ ಒಳಗೆ ಇಳಿಯುತ್ತೆ. ಅದಕ್ಕೇ ಬೆಳ್ತಿಗೆಗಿಂತ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿಗಿಂತ, ಇದರಲ್ಲಿ ಸತ್ವ ಜಾಸ್ತಿ ಉಳಿಯುತ್ತೆ. ಮಕ್ಕಳ ಪುಸ್ತಿಕೆ ಅಂದಿರಲ್ಲ, ಇದನ್ನೂ ಒಂದು ಸಾಲು ಸೇರಿಸಿ ಅಕ್ಕ.

ಇಂಗ್ಲಿಷಿನಲ್ಲಿ ಇದಕ್ಕೆ ‘ಪಾರ್‌ಬಾಯಿಲ್ಡ್’ ಅನ್ನುತ್ತಾರೆ. ಅರೆಬೆಂದದ್ದು ಎಂದು ಎಲ್ಲರೂ ತಿಳಿಯುತ್ತಾರೆ. ಲ್ಯಾಟಿನ್ನಿನಲ್ಲಿ ಅದರ ಮೂಲ ಅರ್ಥ ‘ಪೂರ್ತಿ ಕುದಿಸು’. ಮುಂದಿನ ತುಂಡನ್ನು ‘ಪಾರ್ಟ್’ ಎಂದು ಕೇಳಿಸಿಕೊಂಡು ಜನ ಅರ್ಥ ಬದಲಿಸಿದರು.

ಇನ್ನೊಂದು ಚಂದದ ಪದ. ಹವ್ಯಕರು ಸಾಂಬಾರಿಗೆ ‘ಬೆಂದಿ’ ಅನ್ನುತ್ತಾರೆ.

ರಾತ್ರಿ ಗಾಡಿ, ಬೆಂಗಳೂರು

ಹತ್ತು ವರ್ಷದಿಂದ ಎಗ್ ರೈಸ್ ಗಾಡಿ ಹಾಕುತ್ತೇನೆ. ನನ್ನ ಹತ್ತಿರ ‘ಹಾಫ್ ಬಾಯಿಲ್’ ಅಂದರೆ ನೀರಿನ ಲೆಕ್ಕವೇ ಇಲ್ಲ. ಕಾದ ತವಾ ಮೇಲೆ ಎಣ್ಣೆ, ಮೊಟ್ಟೆ ಒಡೆದು ಬಿಡುವುದು, ಮೇಲೆ ಉಪ್ಪು ಮೆಣಸಿನಪುಡಿ, ಹಳದಿ ಹಸಿಯಾಗಿಯೇ ಇರಬೇಕು. ಒಮ್ಮೆ ಒಬ್ಬ ವಿದೇಶಿ ಹುಡುಗ ಹಾಫ್ ಬಾಯಿಲ್ ಕೇಳಿದ. ಕೊಟ್ಟಾಗ ತಟ್ಟೆ ನೋಡುತ್ತಾ ನಿಂತ. ಅವನು ಕಾಯುತ್ತಿದ್ದದ್ದು ಸಿಪ್ಪೆಯೊಳಗೆ ಅರ್ಧ ಬೆಂದ ಮೊಟ್ಟೆಗೆ. ಇದನ್ನು ಪುಸ್ತಿಕೆಯಲ್ಲಿ ಹಾಕುವುದಾದರೆ ಹುಷಾರು. ನಮ್ಮ ಜನ ತವಾ ಇಡುತ್ತಾರೆ.

‘ಬಾಯ್ಲರ್ ಕೋಳಿ’ ಅನ್ನುತ್ತೇವಲ್ಲ, ಅದರ ಬಗ್ಗೆ ಯಾರಾದರೂ ಹೇಳಿ. ಅದನ್ನು ಜಾಸ್ತಿ ಬೇಯಿಸಿದರೆ ಪುಡಿಯಾಗುತ್ತೆ, ಮತ್ತೆ ಯಾಕೆ ಆ ಹೆಸರು?

ಪದ ಹುಡುಕುವವನು, ಶಿವಮೊಗ್ಗ

ಅಣ್ಣಾ, ಅದು ‘ಬ್ರಾಯ್ಲರ್’. ಬ್ರಾಯಿಲ್ ಅಂದರೆ ನೇರ ಉರಿಯಲ್ಲಿ ಸುಡುವುದು, ಅಮೆರಿಕದವರು ಜಾಸ್ತಿ ಬಳಸುವ ಪದ. ಹಾಗೆ ಸುಡಲು ತಕ್ಕ ಎಳೆಯ ಕೋಳಿ ಬ್ರಾಯ್ಲರ್. ನಮ್ಮ ಬಾಯಲ್ಲಿ ‘ರ’ ಬಿದ್ದುಹೋಗಿದೆ. ಇಂಗ್ಲಿಷಿನಲ್ಲಿ ‘ಬಾಯ್ಲರ್’ ಅಂದರೆ ಇದಕ್ಕೆ ಪೂರಾ ಉಲ್ಟಾ, ಹೊತ್ತು ಹಿಡಿದು ಬೇಯಿಸಿದರೆ ಮಾತ್ರ ತಿನ್ನಲು ಆಗುವ ವಯಸ್ಸಾದ ಕೋಳಿ.

ರಾತ್ರಿ ಗಾಡಿ, ಬೆಂಗಳೂರು

ಅಂದರೆ ನಮ್ಮ ನಾಟಿ ಕೋಳಿ ಥರ ಕುದಿಸುವಂಥದ್ದು! ಗೊತ್ತಾಯಿತು.

ಒಗ್ಗರಣೆ ಡಬ್ಬಿ, ಮೈಸೂರು

ಎಲ್ಲರ ಮಾತು ಓದಿ ನಿನ್ನೆ ರಾತ್ರಿ ಮತ್ತೆ ಕೂತೆ. ಅತ್ತೆ ಪಕ್ಕದಲ್ಲೇ ಇದ್ದರು. ಇಂಗ್ಲಿಷಿನ ಪದ ನೋಡದೆ, ಪಾತ್ರೆಯಲ್ಲಿ ಏನಾಗುತ್ತಿದೆ ಎಂದು ನೋಡಿ ಬರೆಯುತ್ತಾ ಹೋದೆ. ಕುಡಿಯುವ ನೀರಿಗೆ: ‘ಗುಳ್ಳೆಗಳು ಪಾತ್ರೆ ತುಂಬ ಎದ್ದು ಕೊತಕೊತ ಕುದಿಯಬೇಕು. ಹಾಗೆ ಒಂದು ನಿಮಿಷ ಬಿಡಿ. ಮುಚ್ಚಿ ಆರಿಸಿ.’ ಹಾಲಿಗೆ ‘ಕಾಯಿಸಿ, ಉಕ್ಕಿ ಬಂದ ತಕ್ಷಣ ಉರಿ ಇಳಿಸಿ.’ ತಿಳಿಸಾರಿಗೆ ‘ಒಂದು ಕುದಿ ಬರಲಿ, ನೊರೆ ಕಟ್ಟಿದರೆ ಸಾಕು.’ ಮಜ್ಜಿಗೆಹುಳಿಗೆ ‘ಕುದಿಯುವ ಮುಂಚೆಯೇ ಇಳಿಸಿ, ಇಲ್ಲದಿದ್ದರೆ ಒಡೆಯುತ್ತೆ.’ ಮೂಲದಲ್ಲಿ ‘ಬಾಯಿಲ್ ಡೌನ್’ ಎಂದು ಇದ್ದ ಕಡೆ ‘ಅರ್ಧಕ್ಕೆ ಬತ್ತಿಸಿ’ ಮಾಡಿದೆ. ಅದನ್ನು ಓದಿ ಅತ್ತೆ ತಲೆ ಆಡಿಸಿದರು.

‘ಸಿಮ್ಮರ್’ ಒಂದು ಉಳಿದಿದೆ. ಪೇಟೆಯಲ್ಲಿ ಎಲ್ಲರೂ ‘ಗ್ಯಾಸ್ ಸಿಮ್ ಮಾಡಿ’ ಅನ್ನುತ್ತೇವೆ. ಒಲೆಯ ಗುಂಡಿ ಮೇಲೆ ಬರೆದಿರುವುದೂ ಅದೇ. ಸೌದೆ ಒಲೆಯವರಿಗೆ?

ಧಾರವಾಡದ ಹುಡುಗ

‘ಸಣ್ಣ ಉರಿ’ ಎಂದು ಬರೆಯಿರಿ, ಅಕ್ಕಾರ. ಗ್ಯಾಸಿಗೂ ಹೊಂದುತ್ತೆ, ಸೌದೆಗೂ ಹೊಂದುತ್ತೆ. ನಮ್ಮ ಕಡೆಯೂ ನಡೆಯುತ್ತೆ. ಮೊಟ್ಟೆಗೆ ಏನು ಮಾಡಿದಿರಿ? ಬೇಯಿಸಿ ಅಂತಲೋ, ಕುದಿಸಿ ಅಂತಲೋ?

ಒಗ್ಗರಣೆ ಡಬ್ಬಿ, ಮೈಸೂರು

ಎರಡನ್ನೂ ಬಿಟ್ಟೆ ತಮ್ಮಾ. ‘ಮೊಟ್ಟೆ ಮುಳುಗುವಷ್ಟು ನೀರು ಇಡಿ. ನೀರು ಮರಳಲು ಶುರುವಾದ ಮೇಲೆ ಮೊಟ್ಟೆಗಳನ್ನು ಸೌಟಿನಿಂದ ಮೆಲ್ಲಗೆ ಇಳಿಸಿ. ಹತ್ತು ನಿಮಿಷ ಬಿಡಿ.’ ಇಷ್ಟೇ ಬರೆದಿದ್ದೇನೆ. ಬಾಗಲಕೋಟೆಯವರಿಗೆ ಕಳಿಸಿ ಕೇಳಿದೆ, ಅರ್ಥವಾಯಿತು ಅಂದರು.

ಧಾರವಾಡದ ಹುಡುಗ

ಚಲೋ ಆತು. ಹತ್ತು ನಿಮಿಷ ಯಾವಾಗಿನಿಂದ ಎಣಿಸಬೇಕು ಅನ್ನುವುದನ್ನೂ ಬರೆಯಿರಿ. ತಣ್ಣನೆಯ ಮೊಟ್ಟೆ ಹಾಕಿದರೆ ನೀರು ಒಂದು ಗಳಿಗೆ ಸುಮ್ಮನಾಗುತ್ತೆ.

ಒಗ್ಗರಣೆ ಡಬ್ಬಿ, ಮೈಸೂರು

ಹೌದಲ್ವಾ! ‘ಗುಳ್ಳೆ ಮತ್ತೆ ಏಳಲು ಶುರುವಾದಾಗಿನಿಂದ’ ಎಂದು ಸೇರಿಸಿದೆ.